ಚೌಡಕ್ಕನ ಮೊದಲ ಪ್ರಶ್ನೆ

ಸಂಬಂಧ ಕೂಡಿಸಲು ಬಂದವರು ಸಾಮಾನ್ಯವಾಗಿ ಜಾತಕ ಕೇಳುತ್ತಾರೆ, ಜಮೀನು ಕೇಳುತ್ತಾರೆ, ಹುಡುಗ ಕುಡಿಯುತ್ತಾನೆಯೇ ಎಂದು ಪಕ್ಕದ ಮನೆಯಲ್ಲಿ ಮೆಲ್ಲಗೆ ವಿಚಾರಿಸುತ್ತಾರೆ. ಕ್ಯಾಲನೂರಿನ ಚೌಡಕ್ಕ ಮಾತ್ರ ನಡುಮನೆಯ ಚಾಪೆಯ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮನೆಯ ಯಜಮಾನನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದಳು: “ಏಮಯ್ಯಾ, ಬೆಳಗ್ಗೆ ಹೊಟ್ಟೆ ಸಲೀಸಾಗಿ ಹೋಗುತ್ತಾ? ರಕ್ತ ಗಿಕ್ತ ಏನೂ ಇಲ್ವಾ?”

ಕಾಫಿ ತಂದ ಹೆಂಗಸರು ಅಲ್ಲೇ ನಿಂತುಬಿಡುತ್ತಿದ್ದರು. ಯಜಮಾನ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕುತ್ತಿದ್ದ. ಚೌಡಕ್ಕನಿಗೆ ಇದಾವುದೂ ತಟ್ಟುತ್ತಿರಲಿಲ್ಲ. “ಸಿಗ್ಗು ಎಂದುಕಯ್ಯಾ? ತಿನ್ನೋದಕ್ಕೆ ನಾಚಿಕೆ ಇಲ್ಲ, ಹೋಗೋದಕ್ಕೆ ಯಾಕೆ ನಾಚಿಕೆ?” ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಉತ್ತರ ಸಿಕ್ಕಿದ ಮೇಲೆಯೇ ಹುಡುಗಿಯ ವಯಸ್ಸು, ನಕ್ಷತ್ರ.

ಮನೆಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಹೆಂಗಸು ಅವಳು. ಬೆಳಗಿನ ಹಾಲು ಹಾಕಿ ಬಸ್ಸು ಹತ್ತಿದರೆ ಸಂಜೆಯ ಹಾಲಿನ ಹೊತ್ತಿಗೆ ವಾಪಸ್ಸು. ಅಷ್ಟರೊಳಗೆ ಮಾಲೂರಿನ ಗಂಡನ್ನು ಮುಳಬಾಗಿಲಿನ ಹೆಣ್ಣಿಗೆ ತೋರಿಸಿ ಬಂದಿರುತ್ತಿದ್ದಳು. ನನ್ನ ಮದುವೆಯನ್ನು ಕೂಡಿಸಿದವಳೂ ಅವಳೇ. ಹಾಗಾಗಿ ನನ್ನ ಮೇಲೆ ಅವಳಿಗೆ ಒಂದು ಬಗೆಯ ಹಕ್ಕಿತ್ತು. ಕೋಲಾರಕ್ಕೆ ಬಂದಾಗಲೆಲ್ಲ ನಾನು ಕೆಲಸ ಮಾಡುವ ಬ್ಯಾಂಕಿಗೆ ನುಗ್ಗಿ, ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ, “ಲೇ ನಾಗರಾಜು, ನಿಂದು ಹೆಂಗಿದೆ?” ಎನ್ನುವಳು. ಸಾಲಿನವರು ನನ್ನ ಸಂಸಾರದ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಅವರು ಹಾಗೆಯೇ ಎಂದುಕೊಂಡಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ನಾನು ಚಿಂತೆಯನ್ನು ಬೇರೆಯವರು ವಾಕಿಂಗ್ ಮಾಡುವಷ್ಟು ನಿಷ್ಠೆಯಿಂದ ಮಾಡುವವನು. ಬೀಟ್‌ರೂಟ್ ಪಲ್ಯ ತಿಂದ ಮಾರನೆಯ ಬೆಳಗ್ಗೆ ಕೆಂಪು ಕಂಡು ಉಯಿಲಿನ ಬಗ್ಗೆ ಯೋಚಿಸಿದ್ದೇನೆ. ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಆದರೆ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೋದರೆ ಏನಾದರೂ ಹೇಳಿಬಿಟ್ಟಾರು ಎಂಬ ಭಯ. ಚೌಡಕ್ಕ ನನ್ನ ಈ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಳು: “ಊರೋರು ಹೆದರ್ದೆ ಸುಮ್ನಿರ್ತಾರೆ, ನೀನು ಹೆದರ್ಕೊಂಡು ಸುಮ್ನಿರ್ತೀಯ. ಸುಮ್ನಿರೋದ್ರಲ್ಲಿ ಇಬ್ಬರೂ ಒಂದೇ ಕಣೋ.”

ಅವಳಿಗೆ ಈ ಗೀಳು ಹತ್ತಿದ್ದು ಗಂಡ ತೀರಿಹೋದ ಮೇಲೆ. ಮುನಿವೆಂಕಟಪ್ಪನಿಗೆ ರಕ್ತ ಹೋಗುತ್ತಿತ್ತಂತೆ. ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಬೀಗರ ಕಿವಿಗೆ ಬಿದ್ದರೆ ಸಂಬಂಧ ತಪ್ಪುತ್ತದೆ ಎಂದು ಆತ ಹೆಂಡತಿಗೂ ಹೇಳದೆ ಮದುವೆ ಮುಗಿಸಿದ. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಹೊಟ್ಟೆ ಕೊಯ್ದು ನೋಡಿ, ಹಾಗೆಯೇ ಮುಚ್ಚಿ ಹೊಲಿದರು. ಇದನ್ನು ಹೇಳುವಾಗ ಚೌಡಕ್ಕ ಅಳುತ್ತಿರಲಿಲ್ಲ, ರೇಗುತ್ತಿದ್ದಳು. “ನನ್ನಂಥ ಊರು ತಿರುಗೋ ದಲ್ಲಾಳಿನ ಮನೇಲಿ ಇಟ್ಕೊಂಡು, ನನ್ನಿಂದಲೇ ಮುಚ್ಚಿಟ್ಟ ನೋಡು. ಎಂಥಾ ಗಟ್ಟಿಗ!”

ನಾಲ್ಕು ತಾಲ್ಲೂಕು ಸುತ್ತಿದವಳಾದ್ದರಿಂದ ಯಾವ ಕಡೆಯವರು ಎಷ್ಟು ತಡವಾಗಿ ಆಸ್ಪತ್ರೆ ಸೇರುತ್ತಾರೆ ಎಂಬುದಕ್ಕೆ ಅವಳದೇ ಒಂದು ಭೂಗೋಳವಿತ್ತು. “ಮಾಲೂರೋರು ಒಂದು ಸಲ ಕೆಮ್ಮಿದ್ರೆ ಬೆಂಗಳೂರು ರೈಲು ಹತ್ತುತಾರೆ, ಅವರು ಉಳ್ಕೊತಾರೆ. ಕೋಲಾರದೋರಿಗೆ ಆಸ್ಪತ್ರೆ ಮನೆ ಮುಂದೇನೇ ಇದೆ, ಅದಕ್ಕೇ ನಾಳೆ ಹೋದ್ರಾಯ್ತು ಅಂತಾರೆ. ಮುಳಬಾಗಿಲೋರು ಮೊದಲು ಗಡಿ ದಾಟಿ ಆಂಧ್ರದಲ್ಲಿ ಮೂಲವ್ಯಾಧಿಗೆ ಸೊಪ್ಪು ಅರೆಸ್ಕೊಂಡು ಕುಡ್ದು, ಪಥ್ಯ ಮುಗಿಸಿ, ಆಮೇಲೆ ಬರ್ತಾರೆ. ಸೀನಿವಾಸಪುರದೋರಿಗೆ ಎಲ್ಲಾ ಮಾವಿನ ಉಷ್ಣ. ಹಣ್ಣಿನ ಕಾಲ್ದಾಗೆ ಹಣ್ಣಿನ ಉಷ್ಣ, ಇಲ್ದಿದ್ದಾಗ ಉಪ್ಪಿನಕಾಯಿ ಉಷ್ಣ. ಅವರು ಬರೋ ಹೊತ್ಗೆ ಎಲ್ಲಾ ಮುಗ್ದಿರ್ತದೆ.”

ಇದನ್ನು ನಾನು ಒಮ್ಮೆ ಒಬ್ಬ ಡಾಕ್ಟರಿಗೆ ಹೇಳಿದೆ. ಅವರು ನಕ್ಕು, ದೂರದ ಹಳ್ಳಿಗಳಿಂದ ಕೊನೆಯ ಹಂತದಲ್ಲಿ ಬರುವವರು ಹೆಚ್ಚು ಎನ್ನುವುದು ನಿಜ, ಆದರೆ ಮಾಲೂರಿನಿಂದಲೂ ಹಾಗೆ ಬರುವವರಿದ್ದಾರೆ ಎಂದರು. ಚೌಡಕ್ಕನಿಗೆ ವರದಿ ಒಪ್ಪಿಸಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಸೀನಿವಾಸಪುರದಿಂದ ಹೋಗಿ ಅಲ್ಲಿ ಮನೆ ಮಾಡ್ಕೊಂಡಿರೋರು ಇರ್ಬೇಕು ಬಿಡು.”

ಶ್ರೀನಿವಾಸಪುರದ ಮೇಲೆ ಅವಳಿಗಿದ್ದ ಸಿಟ್ಟು ನಮ್ಮ ಮನೆಗೇ ಬಂದು ಮುಟ್ಟಿದ್ದು ನನ್ನ ಅಕ್ಕನ ಮಗಳು ದಿವ್ಯಾಳಿಗೆ ಗಂಡು ನೋಡುವಾಗ. ನನ್ನ ಭಾವ ರಾಮಕೃಷ್ಣಪ್ಪನವರದು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಚೌಡಕ್ಕ ಮಾಲೂರಿನಿಂದ ಸಂಬಂಧ ತಂದಿದ್ದಳು. ಹುಡುಗನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು, ಒಳ್ಳೆಯ ಜನ. ಮಾವಿನ ಸುಗ್ಗಿ ಜೋರಾಗಿದ್ದಾಗಲೇ ಹೆಣ್ಣು ನೋಡಲು ಬಂದರು. ಕೇಸರಿಬಾತು, ಬಜ್ಜಿ, ಕೊಯ್ದಿಟ್ಟ ಬಾದಾಮಿ ಹಣ್ಣು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಭಾವ ಮಾತ್ರ ಪದೇ ಪದೇ ಎದ್ದು ಹಿತ್ತಲ ಕಡೆ ಹೋಗುತ್ತಿದ್ದರು. ಬಂದಾಗಲೆಲ್ಲ ಸಡಿಲವಾದ ಪಂಚೆಯನ್ನು ಮತ್ತೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಆಳು ಇಳಿದುಹೋಗಿದ್ದರು. ಚಿಂತೆಯಲ್ಲಿ ಪರಿಣತನಾದ ನಾನು ಆವತ್ತು ನನ್ನ ಎಡ ಭುಜದ ನೋವಿನ ಬಗ್ಗೆ ಚಿಂತಿಸುತ್ತಿದ್ದುದರಿಂದ ಇದನ್ನು ಗಮನಿಸಲಿಲ್ಲ. ಚೌಡಕ್ಕ ಬಜ್ಜಿ ತಿನ್ನುತ್ತಲೇ ಎಲ್ಲ ನೋಡುತ್ತಿದ್ದಳು.

ಮಾಲೂರಿನವರ ಕಾರು ಹೊರಟಿದ್ದೇ ತಡ, ಭಾವನ ಎದುರಿಗೆ ಬಂದು ಕೂತಳು.

“ರಾಮಕಿಷ್ಣಪ್ಪಾ, ರಕ್ತ ಹೋಗ್ತಾ ಇದೆಯಾ?”

“ಅಯ್ಯೋ, ಉಷ್ಣ ಚೌಡಕ್ಕ. ಮಂಡಿಯಲ್ಲಿ ಕೂತು ಕೂತು, ಹಣ್ಣು ತಿಂದು ತಿಂದು. ಗೌಸ್ ಸಾಬ್ರು ಸಬ್ಜಾ ಬೀಜ ಕೊಟ್ಟಿದ್ದಾರೆ, ನೆನೆಸಿ ಕುಡೀತಿದ್ದೀನಿ.”

ಗೌಸ್ ಸಾಬ್ ಪಕ್ಕದ ಮಂಡಿಯವರು. ಅವರೂ ಅಲ್ಲೇ ಇದ್ದರು. “ಹಾಂ, ಗರ್ಮಿ ಅಕ್ಕಾ. ನಮ್ಗೂ ಆಗ್ತದೆ. ಸೀಸನ್ನಲ್ಲಿ ಎಲ್ಲಾರಿಗೂ ಆಗ್ತದೆ” ಎಂದು ದನಿಗೂಡಿಸಿದರು.

“ಯಾವಾಗಿಂದ?” ಎಂದಳು ಚೌಡಕ್ಕ, ಭಾವನ ಕಡೆಗೇ ನೋಡುತ್ತಾ.

“ಯುಗಾದಿಯಿಂದ.”

“ಯುಗಾದಿಗೆ ನಿಮ್ಮ ಮರದಲ್ಲಿ ಹಣ್ಣು ಎಲ್ಲಿತ್ತಯ್ಯಾ? ಗೋಲಿ ಗಾತ್ರದ ಕಾಯಿ ಇತ್ತು. ಹಣ್ಣೇ ಬರೋಕೆ ಮುಂಚೆ ಹಣ್ಣಿನ ಉಷ್ಣ ಎಲ್ಲಿಂದ ಬಂತು?”

ಭಾವ ಸ್ವಲ್ಪ ಹೊತ್ತು ಯೋಚಿಸಿ, “ಹೋದ ವರ್ಷದ್ದು ಇರ್ಬೇಕು” ಎಂದರು. ನನಗೆ ನಗು ಬಂತು. ಯಾರೂ ನಗಲಿಲ್ಲವಾದ್ದರಿಂದ ಅದನ್ನು ಕೆಮ್ಮಾಗಿ ಬದಲಾಯಿಸಿದೆ.

ಆಮೇಲೆ ಭಾವ ದನಿ ತಗ್ಗಿಸಿದರು. “ಚೌಡಕ್ಕಾ, ನಿನಗೆ ಕೈ ಮುಗೀತೀನಿ. ಈ ಮದುವೆ ಒಂದು ಆಗಿಹೋಗ್ಲಿ. ಆಮೇಲೆ ನೀನು ಹೇಳಿದ ಕಡೆ ತೋರಿಸ್ಕೊಳ್ತೀನಿ. ಈಗ ಹೋಗಿ ಏನಾದ್ರೂ ಅಂತ ಹೇಳ್ಬಿಟ್ರೆ ನನ್ನ ಮಗಳ ಗತಿ ಏನು?”

ಗಂಡ ಆಡಬೇಕಾಗಿದ್ದ, ಆಡದೇ ಹೋದ ಮಾತನ್ನು ಅವಳು ಬೇರೆಯವರ ಬಾಯಲ್ಲಿ ಕೇಳಿದ್ದು ಬಹುಶಃ ಅದೇ ಮೊದಲು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದಳು. ಸೆರಗಿನ ಗಂಟಿನಿಂದ ಫೋನು ತೆಗೆದು ಮಾಲೂರಿನವರಿಗೆ ಮಾಡಿ, ಸ್ಪೀಕರಿಗೆ ಹಾಕಿದಳು. ಅವರಿನ್ನೂ ದಾರಿಯಲ್ಲಿದ್ದರು.

“ನೋಡಪ್ಪಾ, ಹುಡುಗಿ ಅಪ್ಪನಿಗೆ ಆಚೆ ಹೋಗುವಾಗ ರಕ್ತ ಬರ್ತಾ ಇದೆ. ಏನು ಅಂತ ಗೊತ್ತಿಲ್ಲ. ತೋರಿಸ್ಬೇಕು. ತೋರಿಸಿದ ಮೇಲೆ ಮುಂದಿನ ಮಾತು.”

ಆ ಕಡೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿಸಿತು. ಕೊನೆಗೆ ಹುಡುಗನ ತಂದೆ, “ಆಗ್ಲಿ ಚೌಡಕ್ಕ, ಯೋಚನೆ ಮಾಡಿ ಹೇಳ್ತೀವಿ” ಎಂದರು. ನಮ್ಮ ಕಡೆ ಆ ಮಾತಿಗೆ ಏನರ್ಥ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಚೌಡಕ್ಕನನ್ನು ‘ಮನೆಹಾಳಿ’ ಎಂದರು. ಅವಳು ಅದನ್ನು ಕೇಳಿಸಿಕೊಂಡೂ ಎದ್ದು ಹೋಗಲಿಲ್ಲ. “ಬೈಯಿ. ಬದುಕಿದ್ರೆ ತಾನೆ ಬೈಯೋದು” ಎಂದು ಕೂತೇ ಇದ್ದಳು. ಆ ಸಂಜೆ ಅವಳ ಹಸುಗಳ ಹಾಲನ್ನು ಯಾರು ಕರೆದರೋ ಗೊತ್ತಿಲ್ಲ.

ಸಂಬಂಧವಂತೂ ಹೋಯಿತು, ಇನ್ನು ಮುಚ್ಚಿಡುವುದಕ್ಕೆ ಕಾರಣವೂ ಉಳಿಯಲಿಲ್ಲ. ಭಾವ ಮುನಿಸಿಕೊಂಡೇ ಕೋಲಾರಕ್ಕೆ ಬಂದರು. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆಯ ಹಿಂದಿನ ದಿನ ನಮ್ಮ ಮನೆಯಲ್ಲೇ ಉಳಿದು, ಹೊಟ್ಟೆ ಖಾಲಿ ಮಾಡಿಸುವ ಉಪ್ಪುಪ್ಪು ಔಷಧಿ ನೀರನ್ನು ಕುಡಿದು, ನಮ್ಮ ಕಕ್ಕಸನ್ನು ಸಂಪೂರ್ಣ ವಶಕ್ಕೆ ತೆಗೆದುಕೊಂಡರು. ಒಳಗಿನಿಂದಲೇ ಚೌಡಕ್ಕನ ಪೂರ್ವಿಕರನ್ನೆಲ್ಲ ನೆನೆಯುತ್ತಿದ್ದರು. ನಾನು ಪಕ್ಕದ ಮನೆಯವರ ಕಕ್ಕಸಿಗೆ ಹೋಗಿ ಬಂದೆ.

ಗೆಡ್ಡೆ ಇತ್ತು. ಅದು ಮಾವಿನಿಂದ ಬಂದದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಬೇಕಾಯಿತು, ಯಾಕೆಂದರೆ ಭಾವ ಕೇಳಿದರು. ಆದರೆ ಬೇರೆಲ್ಲೂ ಹರಡಿರಲಿಲ್ಲ. “ಆಪರೇಷನ್ ಮಾಡಿ ತೆಗೆಯಬಹುದು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ” ಎಂದರು. ಭಾವ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಚೌಡಕ್ಕನಿಗೆ ಹೇಳಿದಾಗ ಅವಳು ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡನ ಕತೆಯನ್ನು ಎಷ್ಟೋ ಸಲ ಹೇಳಿ ರೇಗಾಡಿದ್ದವಳು ಅತ್ತಿದ್ದನ್ನು ನಾನು ನೋಡಿದ್ದು ಆಗ ಮಾತ್ರ. ಮುಖ ಒರೆಸಿಕೊಂಡವಳೇ ಡಾಕ್ಟರ ಕೋಣೆಗೆ ನುಗ್ಗಿ, “ಸಾರ್, ಇವನದೂ ಒಂದು ಸಲ ನೋಡ್ಬಿಡಿ, ವಯಸ್ಸಾಯ್ತು, ಬರೀ ಯೋಚನೆ ಮಾಡ್ಕೊಂಡೇ ಕೂತಿದ್ದಾನೆ” ಎಂದಳು. ನನ್ನದೂ ನೋಡಿದರು. ಏನೂ ಇರಲಿಲ್ಲ. ಇಷ್ಟು ವರ್ಷದ ಪರಿಶ್ರಮ ವ್ಯರ್ಥವಾಯಿತಲ್ಲ ಎಂದು ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು.

ಮಾಲೂರಿನವರು ಯೋಚನೆ ಮಾಡಿ ಏನೂ ಹೇಳಲಿಲ್ಲ. ಚೌಡಕ್ಕನ ಭೂಗೋಳ ಅಲ್ಲಿ ಕೈಕೊಟ್ಟಿತು. “ಬೇಗ ಆಸ್ಪತ್ರೆಗೆ ಓಡೋರು ಬೇಗ ಸಂಬಂಧಾನೂ ಬಿಟ್ಟು ಓಡ್ತಾರೆ, ನಾನು ಅಷ್ಟು ಯೋಚನೆ ಮಾಡಿರ್ಲಿಲ್ಲ” ಎಂದು ಒಪ್ಪಿಕೊಂಡಳು. ಕೊನೆಗೆ ಹುಡುಗ ಸಿಕ್ಕಿದ್ದು ಅವಳು ಸದಾ ಬೈಯುತ್ತಿದ್ದ ಮುಳಬಾಗಿಲಿನಲ್ಲಿ. ಭಾವನಿಗೆ ಆಗಿದ್ದನ್ನೆಲ್ಲ ಅವಳು ಅಲ್ಲಿ ಮೊದಲ ದಿನವೇ ಹೇಳಿದಾಗ ಹುಡುಗನ ಅಜ್ಜಿ ಅಂದರಂತೆ: “ನಮ್ಮ ಮನೇಲಿ ಇಬ್ಬರು ಹೇಳ್ದೇನೇ ಹೋಗ್ಬಿಟ್ರು ಕಣಮ್ಮಾ. ಹೇಳೋರ ಮನೆ ಹೆಣ್ಣೇ ಬರ್ಲಿ.”

ಆಪರೇಷನ್ ಮಾಡಿ ಭಾವನ ಹೊಟ್ಟೆಗೆ ಅಂಟಿಸಿದ್ದ ಚೀಲ ಮದುವೆಯ ಹೊತ್ತಿಗೂ ಇನ್ನೂ ಇತ್ತು. ಕರುಳಿನ ಗಾಯ ಮಾಯುವವರೆಗೆ ಎಲ್ಲ ಅದರೊಳಗೇ ಹೋಗಬೇಕು. ಅದು ಆಗಾಗ ತನಗೆ ತೋಚಿದಂತೆ ಸದ್ದು ಮಾಡುತ್ತಿತ್ತು. ರೇಷ್ಮೆ ಪಂಚೆಯ ಒಳಗೆ ಅದನ್ನು ಅಡಗಿಸಿಕೊಂಡು ಧಾರೆಗೆ ನಿಂತ ಭಾವನಿಗೆ ಅದೊಂದೇ ಭಯ. “ಚೌಡಕ್ಕಾ, ತಾಳಿ ಕಟ್ಟುವಾಗ ಸದ್ದು ಮಾಡಿದ್ರೆ?” ಎಂದು ಪಿಸುಗುಟ್ಟಿದರು.

“ಗಟ್ಟಿಮೇಳ ಇನ್ಯಾತಕ್ಕೆ ಇರೋದು ಅನ್ಕೊಂಡೆ?” ಎಂದಳು. ವಾಲಗದವರ ಹತ್ತಿರ ಹೋಗಿ, ತಾನು ಕೈ ಎತ್ತಿದಾಗಲೆಲ್ಲ ಊದಬೇಕು ಎಂದು ತಾಕೀತು ಮಾಡಿ ಬಂದಳು. ಆ ಮದುವೆಯಲ್ಲಿ ಗಟ್ಟಿಮೇಳ ಯಾಕೆ ಅಷ್ಟು ಸಲ ಮೊಳಗಿತು ಎಂಬುದು ಪುರೋಹಿತರಿಗೆ ಇವತ್ತಿಗೂ ತಿಳಿದಿಲ್ಲ.

ಹೋದ ಚಳಿಗಾಲದಲ್ಲಿ ಚೌಡಕ್ಕ ತೀರಿಕೊಂಡಳು. ಹೃದಯಾಘಾತ. ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಕೆಲವು ದಿನಗಳಿಂದ ಎದೆ ಹಿಡಿದಂತಾಗುತ್ತಿದೆ ಎಂದು ಪಕ್ಕದ ಮನೆಯವಳಿಗೆ ಹೇಳಿದ್ದಳಂತೆ, ಗ್ಯಾಸು ಇರಬೇಕು ಎಂದೂ ಅವಳೇ ಹೇಳಿದ್ದಳಂತೆ. ಊರಿನವರ ಹೊಟ್ಟೆಯನ್ನೆಲ್ಲ ವಿಚಾರಿಸಿದವಳ ಎದೆಯನ್ನು ಯಾರೂ ವಿಚಾರಿಸಿರಲಿಲ್ಲ. ಎಲ್ಲದಕ್ಕೂ ಚಿಂತಿಸುವ ನಾನೂ ಅದೊಂದನ್ನು ಚಿಂತಿಸಿರಲಿಲ್ಲ.

ತಿಥಿಯ ದಿನ ಕ್ಯಾಲನೂರಿನ ಅವಳ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾಲ್ಕೂ ತಾಲ್ಲೂಕಿನಿಂದ ಅವಳು ಕೂಡಿಸಿದ ಜೋಡಿಗಳು ಮಕ್ಕಳು ಮರಿಗಳೊಂದಿಗೆ ಬಂದಿದ್ದವು. ಭಾವ ಯಾರು ಬೇಡವೆಂದರೂ ಕೇಳದೆ ಬಡಿಸಲು ನಿಂತಿದ್ದರು. ಮುದ್ದೆ ಆಗಲೇ ಎಲೆಗೆ ಬಿದ್ದಿತ್ತು. ಭಾವ ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದರು. ಗೌಸ್ ಸಾಬ್ ನನ್ನ ಪಕ್ಕದಲ್ಲೇ ಕೂತಿದ್ದರು. ಭಾವ ಹತ್ತಿರ ಬಂದಾಗ ಅವರ ಅಂಗಿಯ ತುದಿ ಹಿಡಿದು ಎಳೆದು, ಬಗ್ಗಿಸಿಕೊಂಡು, ಮೆಲ್ಲಗೆ ಕೇಳಿದರು: “ರಾಮಕೃಷ್ಣಪ್ಪಾ, ಯಾರ್ಗೂ ಹೇಳ್ಬೇಡ. ಆ ಕ್ಯಾಮೆರಾ ಹಾಕೋದು... ಬಹಳ ನೋವಾ?”

ಭಾವ ನೆಟ್ಟಗೆ ನಿಂತರು. ಮಂಡಿಯಲ್ಲಿ ಹರಾಜು ಕೂಗುವ ಗಂಟಲು ಅವರದು.

“ನೋವೇನಿಲ್ಲ ಗೌಸಣ್ಣಾ! ನಿದ್ದೆಗೆ ಹಾಕ್ಬಿಡ್ತಾರೆ, ಗೊತ್ತೇ ಆಗಲ್ಲ! ಹಿಂದಿನ ದಿನ ಮಾತ್ರ ಕಕ್ಕಸು ಬಿಟ್ಟು ಬರೋ ಹಾಗಿಲ್ಲ! ನಿನಗೆ ಎಷ್ಟು ದಿನದಿಂದ ಹೋಗ್ತಾ ಇದೆ ರಕ್ತ?”

ಪಂಕ್ತಿಯಲ್ಲಿ ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಗೌಸ್ ಸಾಬ್ ತಲೆ ತಗ್ಗಿಸಿ ಎಲೆಯ ಕಡೆ ನೋಡುತ್ತಾ, “ರಂಜಾನಿಂದ” ಎಂದರು.

“ನಾಳೆ ಬೆಳಗ್ಗೆ ಕಾರು ತರ್ತೀನಿ. ರೆಡಿ ಇರು.”

ಎದುರು ಸಾಲಿನಿಂದ, ನಮಗ್ಯಾರಿಗೂ ಪರಿಚಯವಿಲ್ಲದ, ತಲೆಗೆ ಟವೆಲು ಸುತ್ತಿದ ಒಬ್ಬ ಹಿರಿಯರು ಕೈ ಎತ್ತಿದರು. “ಯಜಮಾನ್ರೇ, ಅದು ಎಲ್ಲಿ ಮಾಡ್ತಾರೆ? ನಮ್ದು ಮುಳಬಾಗಿಲಿಂದ ಇನ್ನೂ ಆ ಕಡೆ.” ಅವರ ಪಕ್ಕದ ಹೆಂಗಸು, “ಇವರು ಎರಡು ವರ್ಷದಿಂದ ಸೊಪ್ಪು ಕುಡೀತಾ ಇದ್ದಾರೆ ಅಣ್ಣಾ, ನನ್ನ ಮಾತು ಕೇಳಲ್ಲ” ಎಂದರು.

ಭಾವ ಬಕೆಟ್ಟನ್ನು ಕೆಳಗಿಟ್ಟು, ಪಂಚೆ ಸರಿಮಾಡಿಕೊಂಡು, ಆ ಹಿರಿಯರ ಎದುರಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಅವರು ಬೇಗ ಏಳುವಂತೆ ಕಾಣಲಿಲ್ಲ. ಎಲೆಗಳ ಮೇಲೆ ಮುದ್ದೆ ಆರುತ್ತಿತ್ತು. ನಾನು ಎದ್ದು ಬಕೆಟ್ಟು ಎತ್ತಿಕೊಂಡು ಸಾರು ಬಡಿಸುತ್ತಾ ಹೋದೆ.