ಮೊದಲ ಬಹುಮಾನ ಪಡೆದ ಬಿಸ್ಕತ್ತು

ಮೂರು ದಿನದಿಂದ ಜ್ವರ. ಸಿರಾದ ನನ್ನ ಬಾಡಿಗೆ ಮನೆಯ ಕಿಟಕಿಯಲ್ಲಿ ಈಗ ಐದು ಪೊಟ್ಟಣ ಬಿಸ್ಕತ್ತು ಕೂತಿವೆ. ನಮ್ಮ ಕಡೆ ಯಾರಿಗೆ ಏನೇ ಕಾಯಿಲೆ ಬರಲಿ, ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವಂತಿಲ್ಲ. ಕಾಲು ಮುರಿದವನಿಗೂ ಬಿಸ್ಕತ್ತು, ಹೆತ್ತವಳಿಗೂ ಬಿಸ್ಕತ್ತು, ಹಲ್ಲು ಕೀಳಿಸಿಕೊಂಡವನಿಗೂ ಬಿಸ್ಕತ್ತು. ಬೆಳಗ್ಗೆ ಪಕ್ಕದ ಮನೆಯವರು ತಂದಿದ್ದನ್ನು ಬಿಚ್ಚಿದೆ. ವೆನಿಲ್ಲಾ ಎಸೆನ್ಸಿನ ಘಾಟು ಮೂಗಿಗೆ ಹೊಡೆಯಿತು, ನನ್ನ ಕೈ ತಾನಾಗಿಯೇ ಪೊಟ್ಟಣವನ್ನು ಬೋರಲು ಹಾಕಿತು. ನೀವು ಬಿಸ್ಕತ್ತಿನ ಮುಖ ನೋಡಿ ಕೊಳ್ಳುವವರಿರಬಹುದು. ನಾನು ಬೆನ್ನು ಓದುವವಳು. ಆ ಓದಿನಿಂದ ಒಮ್ಮೆ ಏನಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಜ್ವರ ಇಳಿದರೆ ಹೇಳುವ ಧೈರ್ಯವೂ ಇಳಿದೀತು.

ಮುಖದಲ್ಲಿ ಏನಿರುತ್ತದೆ? ಸೂರ್ಯೋದಯ, ತೂಗುವ ತೆನೆ, ಒಂದು ಹಸಿರೆಲೆ, ಹಸನ್ಮುಖಿಯಾಗಿ ಓಡುತ್ತಿರುವ ಒಬ್ಬ ಹೆಂಗಸು. ಬಿಸ್ಕತ್ತು ತಿಂದು ಓಡಿದವರನ್ನು ನಾನಂತೂ ಕಂಡಿಲ್ಲ. ತಿಂದವರೆಲ್ಲ ಇನ್ನೊಂದಕ್ಕೆ ಕೈ ಚಾಚುತ್ತಾರೆ, ಅಷ್ಟೇ ವ್ಯಾಯಾಮ. ಬೆನ್ನಿನ ಮೇಲೆ, ಇರುವೆಗೂ ಕನ್ನಡಕ ಬೇಕೆನಿಸುವಷ್ಟು ಸಣ್ಣ ಅಕ್ಷರದಲ್ಲಿ, ಒಳಗೆ ಏನೇನಿದೆ ಎಂಬ ಪಟ್ಟಿ. ಅದಕ್ಕೊಂದು ನಿಯಮವಿದೆ: ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ. ಮೈದಾ ಗೌಡಿಕೆಯ ಗತ್ತಿನಲ್ಲಿ ಮೊದಲು ನಿಂತಿರುತ್ತದೆ. ಸಕ್ಕರೆ ಎರಡನೆಯದಾಗಿ ಬಂದದ್ದು ಸಾಲದೆ, ಇನ್ವರ್ಟ್ ಸಿರಪ್ ಎಂದು ಇನ್ನೊಮ್ಮೆ, ಲಿಕ್ವಿಡ್ ಗ್ಲೂಕೋಸ್ ಎಂದು ಮತ್ತೊಮ್ಮೆ ಬರುತ್ತದೆ. ಮಧುಗಿರಿಯಲ್ಲಿ ಒಂದು ಹೆಸರು, ಕೊರಟಗೆರೆಯಲ್ಲಿ ಇನ್ನೊಂದು ಹೆಸರು ಹೇಳಿಕೊಂಡು ಎರಡೂ ಊರಲ್ಲಿ ಹೆಣ್ಣು ನೋಡಿ ಬಂದ ಗಂಡಿನ ಹಾಗೆ.

ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ನಿನ್ನ ನಂಬಿಕೆ ಯಾವುದಮ್ಮ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎರಡು ಕಪ್ಪು ಗೆದ್ದೆ. ಎರಡನೆಯದು ಬರುವ ಹೊತ್ತಿಗೆ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಕಡಿಮೆಯಾಗಿದ್ದರು. ಹಾಗೆ ಉಳಿದಿದ್ದವರಲ್ಲಿ ಮುಖ್ಯರು ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ ಪುಟ್ಟಗಂಗಮ್ಮ.

ದೊಡ್ಡಮ್ಮನ ಮನೆ ಮಧುಗಿರಿ ಬೆಟ್ಟದ ಬುಡದಲ್ಲಿ. ರವಿಕೆ ಹೊಲಿಯುವುದು ಅವರ ಕಸುಬು. ಬೀದಿಯ ಹೆಂಗಸರ ತೋಳಿನ ಅಳತೆಯೆಲ್ಲ ಅವರಿಗೆ ಬಾಯಿಪಾಠ. ಯಾರು ದಪ್ಪಗಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ದೊಡ್ಡಮ್ಮನಿಗೆ ತಿಳಿಯುತ್ತಿತ್ತು. ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕರೆಯತೊಡಗಿದರು. ಕಣ್ಣಿನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟು, "ಆದರೆ ಶುಗರ್ ಇಳಿಸಿಕೊಂಡು ಬರಬೇಕು. ಮೂರು ವಾರ ಟೈಮಿದೆ" ಎಂದರು. ದಸರಾ ಹತ್ತಿರದಲ್ಲಿತ್ತು. ವರ್ಷದ ಹೊಲಿಗೆಯಲ್ಲಿ ಅರ್ಧ ಅದೊಂದು ಹಬ್ಬದ್ದೇ.

ಶುಗರ್ ಜಾಸ್ತಿಯಾಗಿದೆ ಎಂಬ ಸುದ್ದಿ ಹಬ್ಬಿತು. ನೆಂಟರು ಕಳ್ಳಂಬೆಳ್ಳದಿಂದ ಬಂದರು, ಕೊಳಾಲದಿಂದ ಬಂದರು, ಸಕ್ಕರೆ ಕಾಯಿಲೆಯವರನ್ನು ನೋಡಲು ಬಿಸ್ಕತ್ತು ಹಿಡಿದುಕೊಂಡೇ ಬಂದರು. ಪಾಪ, ವಿವೇಚನೆಯಿಲ್ಲದವರಲ್ಲ, ಎಲ್ಲ ಆರೋಗ್ಯದ ಬಿಸ್ಕತ್ತುಗಳೇ. ಪಾವಗಡದಲ್ಲಿ ಕಿರಾಣಿ ಅಂಗಡಿ ಇಟ್ಟು ಅರ್ಧ ತೆಲುಗು ಮಾತಾಡುವ ಸೋದರಮಾವ ನಾಗಣ್ಣನಂತೂ ರಾಗಿ ಬಿಸ್ಕತ್ತನ್ನು ಡಜನ್ನಿನಲ್ಲಿ ಇಳಿಸಿದರು.

"ಅಕ್ಕಾ, ಇದಿ ಚೂಡು. ಪೂರಾ ರಾಗಿ. ಮುದ್ದೆ ಉಂಡಂಗೇ ಲೆಕ್ಕ."

ರಜೆಗೆ ಬಂದಿದ್ದ ನಾನು ಪೊಟ್ಟಣದ ಬೆನ್ನು ತಿರುಗಿಸಿದೆ. "ಮಾವ, ರಾಗಿ ಇರೋದು ಆರನೇ ಜಾಗದಲ್ಲಿ. ಮುಂದೆ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಲ್ಲಾ ಕೂತಿದಾವೆ."

"ಏಮಮ್ಮಾ, ರಾಗಿ ಐತಾ, ಇಲ್ವಾ?"

"ಐತೆ."

"ಐತೆ ಅಂದ್ಮೇಲೆ ಮುಗೀತಲ್ಲ!"

"ಕೆರೆಗೆ ಒಂದು ಚಮಚ ಹಾಲು ಹುಯ್ದು ಹಾಲಿನ ಕೆರೆ ಅಂತೀರಾ?"

"ನೋಡಕ್ಕಾ! ಬಿಸ್ಕತ್ ತಂದ್ಕೊಟ್ರೆ ನನ್ನೇ ಕೆರೆಗೆ ತಳ್ತಾಳೆ ಇವಳು."

ದೊಡ್ಡಮ್ಮ ನಕ್ಕು, "ಲೇ, ಅದೆಲ್ಲಾ ಬುಡು. ಇಷ್ಟು ಬಂದು ಬಿದ್ದವೆ. ಯಾವ್ದು ಒಳ್ಳೇದು, ಅಷ್ಟು ಹೇಳು" ಎಂದರು.

ಅಷ್ಟು ಸಾಕಾಯಿತು ನನಗೆ. ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ ಒಂಬತ್ತು ಬಗೆ ಸಾಲಾಗಿ ನಿಲ್ಲಿಸಿದೆ. ಪಟ್ಟಿ ಓದಿದೆ, ಪಾಟೀಸವಾಲು ಹಾಕಿದೆ, ನೋಟ್‌ಬುಕ್ಕಿನಲ್ಲಿ ಅಂಕ ಹಾಕಿದೆ. ತಾಳೆ ಎಣ್ಣೆಯ ಮೇಲೆಯೇ ಅರ್ಧ ಗಂಟೆ ಮಾತಾಡಿದೆ. ನಾಗಣ್ಣ ಮಾವ ನಡುವೆ ಎದ್ದು ಹೋಗಿ ಎಲೆಅಡಿಕೆ ಹಾಕಿಕೊಂಡು ಬಂದರು, ನಾನಿನ್ನೂ ಅದೇ ಎಣ್ಣೆಯಲ್ಲಿದ್ದೆ. ಕೊನೆಗೆ ಸಕ್ಕರೆ ಸೇರಿಸಿಲ್ಲ ಎಂದು ಬರೆದಿದ್ದ ಓಟ್ಸ್ ಬಿಸ್ಕತ್ತನ್ನು ಎತ್ತಿ ಹಿಡಿದು, "ಇದಕ್ಕೆ ಮೊದಲ ಬಹುಮಾನ" ಎಂದು ಘೋಷಿಸಿದೆ. ಅದರಲ್ಲಿ ಗೋಧಿ ಹಿಟ್ಟು ಮೊದಲು, ಮೈದಾ ಎರಡನೆಯದು. ಒಂಬತ್ತು ಕಳ್ಳರಲ್ಲಿ ಕಡಿಮೆ ಕದ್ದವನು. ಆದರೆ ಸ್ಪರ್ಧೆ ಎಂದ ಮೇಲೆ ಯಾರಾದರೂ ಗೆಲ್ಲಲೇಬೇಕಲ್ಲ! ಯಾರಿಗೂ ಬಹುಮಾನವಿಲ್ಲ ಎಂದು ಹೇಳಿದ ತೀರ್ಪುಗಾರರನ್ನು ನಾನು ಕಂಡೇ ಇರಲಿಲ್ಲ. ಗೆದ್ದ ಸಂತೋಷದಲ್ಲಿ ತುಮಕೂರಿನ ಹಾಸ್ಟೆಲಿಗೆ ಬಸ್ಸು ಹತ್ತಿದೆ. ಬಿಸ್ಕತ್ತು ಗೆದ್ದದ್ದೋ ನಾನು ಗೆದ್ದದ್ದೋ ಎಂದು ನೀವು ಕೇಳಬಾರದು.

ಮೂರು ವಾರದ ಮೇಲೆ ದೊಡ್ಡಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ ತಲೆಯಾಡಿಸಿದರು.

"ಇಳಿಯೋದಿರಲಿ, ಏರಿದೆ. ಈಗ ಆಪರೇಷನ್ ಆಗಲ್ಲಮ್ಮ. ಏನು ತಿಂತಿದ್ದೀರಿ?"

"ಏನೂ ಇಲ್ಲ ಸ್ವಾಮಿ. ಅನ್ನ ಬುಟ್ಟೆ, ಮುದ್ದೇನೂ ಬುಟ್ಟೆ. ಫಸ್ಟ್ ಪ್ರೈಜ್ ಬಂದಿರೋ ಬಿಸ್ಕತ್ತು ಮಾತ್ರ. ಬೆಳಿಗ್ಗೆ ಆರು, ಮಧ್ಯಾಹ್ನ ಆರು, ಸಾಯಂಕಾಲ ಕಾಫಿಗೆ ನಾಕು."

"ಪ್ರೈಜ್ ಕೊಟ್ಟವರು ಯಾರು?"

"ಇವ್ಳೇ. ಕಾಲೇಜಲ್ಲಿ ಕಪ್ಪು ಗೆದ್ದವ್ಳೆ," ಎಂದು ದೊಡ್ಡಮ್ಮ ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. ಅವರು ನೋಡಿದ್ದು ನನ್ನ ಪಕ್ಕದ ಖಾಲಿ ಕುರ್ಚಿಯನ್ನು.

"ನಾನು ಹೇಳಿದ್ದು, ಅಷ್ಟರಲ್ಲಿ ವಾಸಿ ಅಂತ..." ಎಂದು ಶುರು ಮಾಡಿದೆ.

"ಅದರಲ್ಲಿ ಮೈದಾ ಇದೆಯಾ?"

"ಎರಡನೇದು."

"ಮೊದಲನೇದು?"

"ಗೋಧಿ."

"ಎರಡೂ ಹೊಟ್ಟೆಗೆ ಹೋಗಿ ಏನಾಗುತ್ತೆ?"

ಉತ್ತರ ಗೊತ್ತಿತ್ತು. "ಸಕ್ಕರೆ," ಎಂದೆ.

ವಾಪಸು ಬರುವಾಗ ಆಟೋದಲ್ಲಿ ಮತ್ತೆ ವಾದಕ್ಕಿಳಿದೆ, ಹುಟ್ಟುಗುಣ ನೋಡಿ. "ದೊಡ್ಡಮ್ಮ, ನಾನು ಒಂದೋ ಎರಡೋ ತಿನ್ನು ಅಂತ ಹೇಳಿದ್ದು. ದಿನಕ್ಕೆ ಹದಿನಾರಲ್ಲ."

"ಅಂಗಂದಿದ್ಯಾ?"

ಅಂದಿರಲಿಲ್ಲ. ಎಣ್ಣೆಯ ಬಗ್ಗೆ ಅಷ್ಟೆಲ್ಲ ಮಾತಾಡಿದವಳು, ನೀನು ಎಷ್ಟು ತಿನ್ನುತ್ತೀಯ ಎಂದು ಒಂದು ಮಾತೂ ಕೇಳಿರಲಿಲ್ಲ. ದೊಡ್ಡಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಉತ್ತರ ಕೊಡುವುದು ನನಗೆ ಬರುತ್ತಿತ್ತು.

"ನಾಗಣ್ಣನ ಮಾತು ನಂಬ್ತಿರಲಿಲ್ಲ ಕಣಮ್ಮ, ಅವ್ನು ಅಂಗಡಿಯವ್ನು. ನೀನಾದ್ರೆ ದೇವ್ರು ಬಂದು ಹೇಳಿದ್ರೂ ಒಪ್ಪದೋಳು. ಅಂತೋಳೇ ಒಪ್ಬುಟ್ಟವ್ಳೆ ಅಂದ್ಮೇಲೆ ಇನ್ನೇನು ಅಂತ ತಿಂದ್ಬುಟ್ಟೆ."

ಆ ದಸರಾದ ರವಿಕೆಗಳೆಲ್ಲ ಮೇಲಿನ ಬೀದಿಯ ಟೈಲರಿಗೆ ಹೋದವು. ದೊಡ್ಡಮ್ಮನ ಮೆಷಿನ್ನಿನ ಮೇಲೆ ಮೂರು ತಿಂಗಳು ಹಳೇ ಸೀರೆ ಹೊದಿಸಿತ್ತು. ನಿತ್ಯ ಅಳತೆಯ ಮುದ್ದೆ, ಸೊಪ್ಪಿನ ಸಾರು, ಮಾತ್ರೆ, ಸಂಜೆ ನಡಿಗೆ. ಯಾವ ಪೊಟ್ಟಣದ ಮೇಲೂ ಬರೆದಿಲ್ಲದ ಈ ಬೇಸರದ ವಿದ್ಯೆಯಿಂದ ಶುಗರ್ ಇಳಿಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಎರಡೂ ಆಪರೇಷನ್ ಆದವು.

ಇದನ್ನು ಬರೆಯುತ್ತಿರುವಾಗಲೇ ಬಾಗಿಲು ಸದ್ದಾಯಿತು. ದೊಡ್ಡಮ್ಮ! ಮಧುಗಿರಿಯಿಂದ ಒಬ್ಬರೇ, ಬಸ್ಸಿನ ಬೋರ್ಡು ತಾವೇ ಓದಿಕೊಂಡು ಬಂದಿದ್ದರು. ಕೈಯಲ್ಲಿ ಬಿಸ್ಕತ್ತು.

"ನೀನೂನಾ ದೊಡ್ಡಮ್ಮ?"

"ಮತ್ತೆ? ಜ್ವರ ಬಂದೋರ ಮನೇಗೆ ಬರಿಗೈಲಿ ಬರಕ್ಕಾಯ್ತದಾ?"

ಕೂತವರೇ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೋರಲು ಮಾಡಿದರು. ಬಹಳ ಹೊತ್ತು ನೋಡಿದರು.

"ಅಕ್ಷರ ಎಲ್ಲಾ ಬಿಡಿಬಿಡಿಯಾಗಿ ಕಾಣ್ತವೆ ಕಣೆ. ಒಂದೂ ನಮ್ದಲ್ವಲ್ಲ! ಕನ್ನಡದೋರು ತಿನ್ನಲ್ವಾ ಇದ್ನ?"

"ಕೊಡು ಇಲ್ಲಿ, ನೋಡಿ ಹೇಳ್ತೀನಿ."

"ಹೇಳ್ಬೇಡ. ಓದು. ಒಳ್ಳೇದು ಕೆಟ್ಟದ್ದು ಅಂತ ಬಾಯಿ ಬಿಟ್ಯೋ, ನೋಡು."

ಓದಿದೆ. ಮೈದಾ. "ಊಂ." ಸಕ್ಕರೆ. "ಊಂ." ತಾಳೆ ಎಣ್ಣೆ. ಬಾಯಿಗೆ ಬಂದ ಭಾಷಣವನ್ನು ನುಂಗಿಕೊಂಡೆ. ಸಿರಪ್, ಹಾಲಿನ ಪುಡಿ, ಉಪ್ಪು, ಸೋಡಾ, ಬಣ್ಣ, ಪರಿಮಳ.

"ಎಷ್ಟು ತಿನ್ಬೇಕು ಅಂತ ಏನಾದ್ರೂ ಬರ್ದವ್ರಾ?"

ತುದಿಯಲ್ಲಿ, ಮಡಿಕೆಯೊಳಗೆ ಇತ್ತು. "ಒಂದು ಸಲಕ್ಕೆ ಎರಡು, ಅನ್ನೋ ಲೆಕ್ಕದಲ್ಲಿ ಬರೆದಿದ್ದಾರೆ."

"ಅದ್ನ ಅವತ್ತು ಓದ್ಲೇ ಇಲ್ವಲ್ಲೇ ನೀನು!"

"ಇಲ್ಲ ದೊಡ್ಡಮ್ಮ."

ಅವರು ಎರಡು ಬಿಸ್ಕತ್ತು ತೆಗೆದು, ಪೊಟ್ಟಣದ ಬಾಯಿ ಮಡಿಸಿದರು. ಒಂದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಕಣ್ಣಿನ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ತಮ್ಮ ಬಾಯಿಗೆ ಹಾಕಿಕೊಂಡರು.