ಎರಡು ಫ್ಲಾಪಿಗಳ ನಡುವೆ ಶೇಖವ್ವ

ಹಾನಗಲ್ಲಿನಲ್ಲಿ ಬೆಳಗಿನ ಐದೂವರೆ. ೧೯೮೯ರ ಈ ಮೇ ತಿಂಗಳಲ್ಲಿ ಕರೆಂಟು ನಿಯತ್ತಾಗಿ ಇರುವುದು ಈ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಭತ್ತದ ಬೀಜದ ಕಂಪನಿಯೊಂದರ ಗೋದಾಮಿನ ಮೂಲೆಯ ಕೋಣೆಯಲ್ಲಿ ಶೇಖವ್ವ ಆಗಲೇ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಹಳೆಯ ಫ್ಲಾಪಿ ಹಾಕಿ ಒಂದೊಂದು ಬೀಜದ ರಾಶಿಯ ವಿವರ ಹೊಡೆಯುತ್ತಾರೆ; ಆ ಬೀಜ ಬಿತ್ತಬಹುದೋ ಇಲ್ಲವೋ ಎಂದು ಕಂಪ್ಯೂಟರು ಚೀಟಿ ಕೊಡುತ್ತದೆ. ಆ ಫ್ಲಾಪಿ ತೆಗೆದು ಹೊಸದನ್ನು ಹಾಕಿ, ಎರಡರ ಚೀಟಿ ತಾಳೆ ನೋಡಲು ಅದೇ ವಿವರ ಮತ್ತೆ ಹೊಡೆಯುತ್ತಾರೆ. ದಿನಕ್ಕೆ ಅರವತ್ತು ರಾಶಿ, ನೂರಿಪ್ಪತ್ತು ಸಲ ಟೈಪು.

ಹಳೆಯದು ದುಡ್ಡು ಕೊಟ್ಟು ತಂದ ಪ್ರೋಗ್ರಾಮು. ಅದರ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಜವಾನ ಗುತ್ತೆಪ್ಪ ದಿನವೂ ಅದಕ್ಕೆ ಊದಿನಕಡ್ಡಿ ಬೆಳಗುತ್ತಾರೆ. ಹೊಸದನ್ನು ಹುಬ್ಬಳ್ಳಿಯ ಎಂಜಿನಿಯರುಗಳು ತಪ್ಪು ಹುಡುಕಿಕೊಡಿ ಎಂದು ಪುಕ್ಕಟೆ ಕೊಟ್ಟಿದ್ದಾರೆ. ಅವರ ಬಾಯಲ್ಲಿ ಅದು ಬೀಟಾ, ಇಲ್ಲಿನವರಿಗೆ ಟ್ರಯಲ್. ಅದಕ್ಕೆ ಊದಿನಕಡ್ಡಿ ಇಲ್ಲ. ಪಾಸಾದ ಮೇಲೆ ನೋಡೋಣ ಎನ್ನುವುದು ಗುತ್ತೆಪ್ಪನವರ ಕಾನೂನು.

ಹಿರೇಬೆಂಡಿಗೇರಿಯ ಶೇಖವ್ವ ಟೈಪಿಂಗ್ ಕಲಿತು ನಾಲ್ಕು ವರ್ಷ ಕೆಲಸಕ್ಕೆ ಅಲೆದವರು. ಈಗ ಸಿಕ್ಕಿರುವ ಕೆಲಸವೂ ಟ್ರಯಲ್ ಮುಗಿಯುವವರೆಗೆ ಮಾತ್ರ. ಹೊಸದು ಪಾಸಾದರೆ ಎರಡೆರಡು ಸಲ ಹೊಡೆಯುವವರು ಯಾರಿಗೆ ಬೇಕು? ಆದರೂ ಕಂಡ ತಪ್ಪನ್ನೆಲ್ಲ ಬರೆದು ಹುಬ್ಬಳ್ಳಿಗೆ ಕಳಿಸುತ್ತಾರೆ, ಅವರು ತಿದ್ದುತ್ತಾರೆ. ಮೊದಲ ತಿಂಗಳು ನಲವತ್ತೊಂದು ತಪ್ಪಿದ್ದವು, ಈಗ ಮೂರು.

"ಒಂದೆರಡು ತಪ್ಪು ಮುಂದಿನ ತಿಂಗಳಿಗೆ ಇಟ್ಕೊ ತಂಗಿ," ಎಂದು ಗುತ್ತೆಪ್ಪ ಬುದ್ಧಿ ಹೇಳುತ್ತಾರೆ.

ಹೋದ ವಾರ ಹಂಸಭಾವಿಗೆ ಹೊರಟಿದ್ದ ಎಂಬತ್ತು ಚೀಲ ಬೀಜಕ್ಕೆ ಹಳೆಯದು 'ಬಿತ್ತನೆಗೆ ಯೋಗ್ಯ' ಎಂದು ಚೀಟಿ ಕೊಟ್ಟರೆ ಟ್ರಯಲ್ಲು 'ತಡೆಯಿರಿ' ಎಂದಿತು. ಮ್ಯಾನೇಜರ್ ಗುರುರಾಜರು ಗೋಡೆಯ ಲೈಸೆನ್ಸು ತೋರಿಸಿ, ಇದು ಟ್ರಯಲ್ಲಿನದೇ ತಪ್ಪು, ಬರೆದುಕೋ ಎಂದರು. ಶೇಖವ್ವ ಬರೆಯಲಿಲ್ಲ. ಲಾರಿ ಐದು ದಿನ ನಿಲ್ಲಲಿ ಎಂದು ಹಟ ಹಿಡಿದರು. ನೂರು ಕಾಳು ಎಣಿಸಿ, ಹಸಿ ಗೋಣಿಯಲ್ಲಿ ಸುತ್ತಿ, ಚಪ್ಪಲಿಗೂ ಪ್ರವೇಶವಿಲ್ಲದ ಕಂಪ್ಯೂಟರ್ ಕೋಣೆಯಲ್ಲೇ ಮೇಜಿನ ಕೆಳಗಿಟ್ಟರು. ಐದನೆಯ ದಿನ ಬಿಚ್ಚಿದರೆ ಮೊಳೆತದ್ದು ಮೂವತ್ತೇಳು ಕಾಳು. ಗುರುರಾಜರು ಲೈಸೆನ್ಸಿನ ಕಡೆ ನೋಡಿದ ನೋಟಕ್ಕೆ ಗುತ್ತೆಪ್ಪ ತೆಪ್ಪಗೆ ಊದಿನಕಡ್ಡಿ ಆರಿಸಿದರು.

ಅಂದೇ ಹುಬ್ಬಳ್ಳಿಗೆ ಕಾಗದ ಹೋಯಿತು: ಟ್ರಯಲ್ ಪಾಸು. ಶೇಖವ್ವನ ಕೆಲಸ ಈ ತಿಂಗಳ ಕೊನೆಯವರೆಗೆ.

ಬೇಸರವಿಲ್ಲವೇ ಎಂದು ಕೇಳಿದರೆ ಬೆರಳು ನಿಲ್ಲಿಸದೆಯೇ ಉತ್ತರಿಸುತ್ತಾರೆ. "ಇಲ್ಲಂತ ಹ್ಯಾಂಗ ಹೇಳ್ಲಿರಿ. ಆದ್ರ ರೈತರು ಕೂರಿಗಿ ಹೊಡದು ಬರೇ ಮಣ್ಣು ನೋಡ್ಕೋಂತ ಕುಂದ್ರೂದು ತಪ್ಪಿತಲ್ರಿ. ಮುಂದ ಮತ್ತ್ಯಾವ್ದರ ಹೊಸಾದು ಬಂದ್ರ ನನ್ನ ಕರೀರಿ ಅಂತ ಸಾಹೇಬ್ರಿಗೆ ಹೇಳೇನಿ. ತಪ್ಪು ಹುಡುಕೂದು ನನಗ ಚೊಲೊ ಬರ್ತೈತ್ರಿ."