ಪಾರ್ಕಿನ ನಕ್ಷೆಯಲ್ಲಿ ನಾನು ಬರೆಯದ ಅಂಕಣ

ನಮ್ಮ ಬಡಾವಣೆಯ ಆಟದ ಮೈದಾನವನ್ನು ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ಅಲ್ಲಿರುವ ಪಾರ್ಕಿನ ಗೇಟಿನ ಪಕ್ಕದ ಕಪ್ಪು ಕಲ್ಲಿನಲ್ಲಿ, ಕೊನೆಯ ಸಾಲಿನಲ್ಲಿ, ‘ಸಹಕಾರ’ ಎಂಬ ಪದದ ಮುಂದೆ ನನ್ನ ಹೆಸರಿದೆ. ಓದಿದವರು ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳುವ ಅಪಾಯವಿದೆ.

ದೊಡ್ಡನೆಕ್ಕುಂದಿಯಿಂದ ಮಾರತ್ತಹಳ್ಳಿಯ ಕಡೆಗೆ ಬರುವಾಗ ರಿಂಗ್ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮ ಬಡಾವಣೆ. ಸರ್ಕಾರಿ ಕಾರ್ಖಾನೆಯ ನೌಕರರು ಸೊಸೈಟಿ ಮಾಡಿಕೊಂಡು ಕಟ್ಟಿದ್ದು. ಬಡಾವಣೆಯ ನಕ್ಷೆಯಲ್ಲಿ ಒಂದು ಕಡೆ ‘ಪಾರ್ಕ್’ ಅಂತ ಬರೆದಿತ್ತು. ನಿಜದಲ್ಲಿ ಅಲ್ಲಿದ್ದದ್ದು ಕೆಮ್ಮಣ್ಣು, ಎರಡು ಹೊಂಗೆ ಮರ, ಮನೆ ಕಟ್ಟಿಸಿದವರು ತಂದು ಸುರಿದ ಒಡೆದ ಟೈಲ್ಸು. ಹತ್ತು ಹದಿನೈದು ವರ್ಷ ಯಾರೂ ಅದರ ತಂಟೆಗೆ ಹೋಗಿರಲಿಲ್ಲ, ಹಾಗಾಗಿ ಮಕ್ಕಳು ಸುಖವಾಗಿ ಆಡಿಕೊಂಡಿದ್ದರು.

ಮೈದಾನದ ಹಿಂದೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕೆಲಸದವರು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಇದ್ದರು. ಅವರಲ್ಲಿ ಕೊಪ್ಪಳದ ಕಡೆಯ ಒಬ್ಬ ಹೆಂಗಸು, ಮೂವತ್ತರ ಒಳಗಿನ ವಯಸ್ಸು, ಹಗಲೆಲ್ಲ ಇಟ್ಟಿಗೆ ಹೊರುತ್ತಿದ್ದಳು. ಒಂದು ಸಂಜೆ ನಮ್ಮ ಹುಡುಗಿಯರು ಖೋ ಖೋ ಎಂಬ ಹೆಸರಿನಲ್ಲಿ ಏನೋ ಗದ್ದಲ ಮಾಡುತ್ತಿದ್ದುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲವಂತೆ. “ಹಂಗಲ್ಲಬೇ, ಬೆನ್ನ ಮ್ಯಾಲ ಕೈಯಿಟ್ಟು ಖೋ ಕೊಡಬೇಕು” ಅಂತ ನಡುವೆ ಬಂದು ಕೂತಳಂತೆ. ಶಾಲೆಯಲ್ಲಿದ್ದಾಗ ಅವಳು ಜಿಲ್ಲಾ ತಂಡದಲ್ಲಿ ಆಡಿದವಳು. ಮಾರನೆಯ ವಾರ ಎರಡು ಸರ್ವೆ ಕಂಬ ನೆಟ್ಟಳು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದಳು. ಅಲ್ಲಿಂದ ಮುಂದೆ ಸಂಜೆ ಐದೂವರೆಗೆ ಮುಖ ತೊಳೆದುಕೊಂಡು, ಸೀರೆಯ ಮೇಲೆ ಗಂಡನ ಅಂಗಿ ಹಾಕಿಕೊಂಡು ಬಂದಳೆಂದರೆ ಬಡಾವಣೆಯ ಮಕ್ಕಳು, ಶೆಡ್ಡಿನ ಮಕ್ಕಳು ಎಲ್ಲ ‘ಅಕ್ಕ, ಅಕ್ಕ’ ಅನ್ನುತ್ತಾ ಒಂದೇ ಸಾಲಿನಲ್ಲಿ ಕೂರುತ್ತಿದ್ದರು.

ನನ್ನ ಮಗಳು ಆಗ ಏಳನೇ ಕ್ಲಾಸು. ಅದುವರೆಗೆ ಟೀವಿ ಮುಂದಿನಿಂದ ಏಳದಿದ್ದವಳು ದಿನಾ ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ಬರತೊಡಗಿದಳು. ಯೂನಿಫಾರಂ ಒಗೆಯುವ ವಿಷಯದಲ್ಲಿ ಮನೆಯಲ್ಲಿ ಯುದ್ಧವೇ ಆಯಿತು. “ಈ ಸಲ ತಾಲ್ಲೂಕು ಟೀಮಿಗೆ ಸೇರ್ತೀನಿ ಅಂತ ಅಕ್ಕ ಹೇಳಿದಾರೆ” ಅಂತ ಅವಳು ಊಟದ ಮಧ್ಯೆ ಹೇಳಿದಾಗ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಇದನ್ನು ನನ್ನ ಪರವಾಗಿ ದಾಖಲಿಸಿಕೊಳ್ಳಿ. ಮುಂದೆ ನನ್ನ ಪರವಾಗಿ ಹೇಳಲು ಹೆಚ್ಚೇನೂ ಸಿಗುವುದಿಲ್ಲ.

ನಮ್ಮ ಕಡೆಯ ಹಳ್ಳಿಗಳೆಲ್ಲ ಪಾಲಿಕೆಗೆ ಸೇರಿ ಕೆಲವು ವರ್ಷಗಳಾದ ಮೇಲೆ ಪಾರ್ಕುಗಳ ಅಭಿವೃದ್ಧಿಗೆ ವಾರ್ಡಿಗೆ ಅನುದಾನ ಬಂದಿದೆ ಎಂಬ ಸುದ್ದಿ ಬಂತು. ಬಡಾವಣೆಯ ಸಂಘಕ್ಕೆ ನಾನೇ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದಿದ್ದಾಗ ನನ್ನನ್ನು ಸರ್ವಾನುಮತದಿಂದ ಆರಿಸಿದ್ದರು. ಅರ್ಜಿ ಹಿಡಿದು ವಾರ್ಡ್ ಆಫೀಸಿಗೆ ಹೋದೆ. ಅಲ್ಲಿನ ಎಂಜಿನಿಯರ್ ಚಿಕ್ಕ ವಯಸ್ಸಿನವನು, ಮೇಜಿನ ಮೇಲೆ ಫೈಲುಗಳ ಗುಡ್ಡೆ. “ಸಾರ್, ನೀವೇ ಒಂದು ಸ್ಕೆಚ್ ಹಾಕಿ ಕೊಟ್ಬಿಡಿ, ನಾನು ಎಸ್ಟಿಮೇಟ್ ಮಾಡ್ಕೋತೀನಿ” ಅಂದ.

ಪಾಪ, ಯಾರಿಗೆ ಹೇಳುತ್ತಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದವನು. ಕಂಪ್ಯೂಟರ್ ಬಂದ ಮೇಲೆ ನನ್ನ ಕೈಬರಹದ ನಕ್ಷೆಗಳನ್ನು ಕೇಳುವವರೇ ಇರಲಿಲ್ಲ. ಅಂಥವನಿಗೆ ಒಂದು ಪೂರ್ತಿ ಪಾರ್ಕು ಸಿಕ್ಕಿತು. ಅಟ್ಟದಿಂದ ಡ್ರಾಯಿಂಗ್ ಬೋರ್ಡ್ ಇಳಿಸಿದೆ. ಮೂರು ಭಾನುವಾರ ಊಟದ ಮೇಜು ನನ್ನದಾಯಿತು. ನಡಿಗೆ ದಾರಿ, ಅದರ ಅಂಚುಕಲ್ಲು, ಮಳೆನೀರು ಹರಿಯಲು ದಾರಿಗೆ ಎಷ್ಟು ಇಳಿಜಾರು, ಬೆಂಚಿನ ಕಾಲಿಗೆ ಯಾವ ಅಳತೆಯ ಬೋಲ್ಟು, ಗೇಟಿನ ಚಿಲಕ ಯಾವ ಕಡೆ ತೆರೆಯಬೇಕು, ಎಲ್ಲವೂ ಮೂರು ಕೋನದಿಂದ. ಪಂಪು ಕೂರಿಸುವ ಗೂಡಿಗೂ ಒಂದು ಅಡ್ಡಸೀಳು ನೋಟ ಬರೆದೆ. ನಡಿಗೆ ದಾರಿಯ ಪಕ್ಕ ನಿಲ್ಲುವ ಸೂಚನಾ ಫಲಕಗಳ ಅಕ್ಷರಗಳನ್ನೂ ನಾನೇ ಬರೆದುಕೊಟ್ಟೆ. ಕಂಟ್ರಾಕ್ಟರನಿಗೆ ಒಂದು ಮೊಳೆಯಷ್ಟೂ ಮೋಸ ಮಾಡಲು ಜಾಗ ಇರಬಾರದು ಎಂಬುದು ನನ್ನ ಹಟ. “ನಿಮ್ಮಪ್ಪನಿಗೆ ದೋಸೆ ಹಾಕಿ ಕೊಟ್ರೂ ಸ್ಕೇಲ್ ಇಟ್ಟು ನೋಡ್ತಾರೆ” ಅಂತ ಹೆಂಡತಿ ಮಗಳಿಗೆ ಹೇಳುತ್ತಿದ್ದಳು. ಮಗಳು ಮಾತ್ರ ನನ್ನ ಬೆನ್ನ ಹಿಂದೆ ನಿಂತು ಆಸಕ್ತಿಯಿಂದ ನೋಡುತ್ತಿದ್ದಳು.

ಖೋ ಖೋ ಅಂಕಣವನ್ನು ನಾನು ಬರೆಯಲಿಲ್ಲ.

ಇದಕ್ಕೆ ಕಾರಣವಿತ್ತು. ಹಳೆಯ ಯಂತ್ರದಲ್ಲಿ ಏನಾದರೂ ಬದಲಾವಣೆ ಮಾಡುವಾಗ ನಮ್ಮ ಡ್ರಾಯಿಂಗ್ ಆಫೀಸಿನ ಪದ್ಧತಿ ಹೀಗೆ: ಹೊಸದಾಗಿ ಬರುವುದನ್ನು ಮಾತ್ರ ಬರೆಯಬೇಕು. ಇದ್ದದ್ದು ಇದ್ದ ಹಾಗೇ ಇರಬೇಕಾದ ಕಡೆ ಕಾಗದ ಖಾಲಿ ಬಿಡಬೇಕು. ಖಾಲಿ ಇದೆ ಅಂದರೆ ಅಲ್ಲಿ ಕೈ ಹಾಕಬೇಡ ಅಂತ ಅರ್ಥ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಹಾ ಹಿಡಿದು ನಿಂತ ಫಿಟ್ಟರನಿಗೂ ಇದು ಗೊತ್ತು. ಅಂಕಣ ಇದ್ದ ಜಾಗವನ್ನು ನಾನು ಎಷ್ಟು ಗೌರವದಿಂದ ಖಾಲಿ ಬಿಟ್ಟಿದ್ದೆನೆಂದರೆ, ಪೆನ್ಸಿಲಿನ ಒಂದು ಚುಕ್ಕೆಯೂ ಬೀಳದಂತೆ ಮೇಲೆ ಕರವಸ್ತ್ರ ಹಾಸಿಕೊಂಡು ಉಳಿದದ್ದನ್ನು ಬರೆದಿದ್ದೆ.

ನಕ್ಷೆಯನ್ನು ಸಂಘದ ಸಭೆಯಲ್ಲಿಟ್ಟೆ. ಸಭೆ ಅಂದರೆ ನಿವೃತ್ತ ಫೋರ್‌ಮನ್ ಒಬ್ಬರ ಕಾರ್ ಶೆಡ್ಡಿನಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ತಟ್ಟೆ ಬಿಸ್ಕತ್ತು. ಎಲ್ಲರೂ ನಡಿಗೆ ದಾರಿಯನ್ನು ಹೊಗಳಿದರು. ಫೋರ್‌ಮನ್ ಮಾತ್ರ, “ಎಲ್ಲಾ ಸರಿ ಕಣ್ರೀ, ಆ ಶೆಡ್ಡಿನವರೂ ಒಳಗೆ ಬರ್ತಾರಾ?” ಅಂತ ಕೇಳಿದರು. “ಅದನ್ನ ಆಮೇಲೆ ನೋಡ್ಕೊಳ್ಳೋಣ ಸಾರ್, ಮೊದ್ಲು ಗ್ರಾಂಟ್ ಬರ್ಲಿ” ಅಂದೆ. ಚಪ್ಪಾಳೆ ಬಿತ್ತು. ನಡುವಿನ ಖಾಲಿ ಜಾಗ ಏನು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ನಮ್ ಆಫೀಸಲ್ಲಿ ಇಂಥ ಡ್ರಾಯಿಂಗ್ ನೋಡೇ ಇಲ್ಲ ಸಾರ್” ಅಂತ ಎಂಜಿನಿಯರ್ ಅಂದಾಗ ನನಗೆ ಕೊಂಬು ಮೂಡಿತು. ಆ ಕೊಂಬು ಹೊತ್ತುಕೊಂಡೇ ಜನವರಿಯಲ್ಲಿ ಶುರುವಾದ ಕೆಲಸದ ಮೇಲ್ವಿಚಾರಣೆಗೆ ನಿಂತೆ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ, ಕೈಯಲ್ಲಿ ಟೇಪು. ಮೇಸ್ತ್ರಿ ದೂರದಿಂದ ನನ್ನನ್ನು ಕಂಡರೆ ಬೀಡಿ ಆರಿಸಿ ಮಾಯವಾಗುತ್ತಿದ್ದ. ಹುಡುಗಿಯರಿಗೆ “ಎರಡು ತಿಂಗಳು ಆಟ ಬಂದ್, ಆಮೇಲೆ ನೋಡಿ ಹೇಗಿರತ್ತೆ” ಅಂತ ಭರವಸೆ ಕೊಟ್ಟಿದ್ದೆ.

ಒಂದು ಸಂಜೆ ಆ ಹೆಂಗಸು ತಾನೇ ಕಿತ್ತ ಎರಡು ಕಂಬಗಳನ್ನು ಹೆಗಲ ಮೇಲಿಟ್ಟುಕೊಂಡು ಬಂದಳು. ಲಾರಿ ಬರಲು ಅಡ್ಡವಾಗುತ್ತದೆ ಅಂತ ಮೇಸ್ತ್ರಿ ಕೀಳಿಸಿದ್ದ.

“ಇವನ್ನ ಎಲ್ಲಿಡೂನ್ರಿ ಸರ?”

ನಾನು ಬಗ್ಗಿ ಅಂಚುಕಲ್ಲಿನ ದಪ್ಪ ಅಳೆಯುತ್ತಿದ್ದೆ. “ನಿಮ್ ಶೆಡ್ಡಲ್ಲೇ ಇಟ್ಕೊಳಮ್ಮ” ಅಂದೆ, ತಲೆ ಎತ್ತದೆ.

ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ನಾನು ಮುಂದಿನ ಕಲ್ಲಿಗೆ ಹೋದೆ. ಅವಳು ಹೊರಟು ಹೋದಳು.

ಫೆಬ್ರವರಿ ಕೊನೆಯಲ್ಲಿ ನಾಲ್ಕು ಲೋಡು ಹೊಸ ಕೆಮ್ಮಣ್ಣು ಬಂದು ಅಂಕಣದ ಜಾಗದಲ್ಲಿ ಬಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ನಾನು ಕೇಳದೆ ಇದ್ದರೂ ಎಂಜಿನಿಯರ್ ಅಂಕಣಕ್ಕೆ ಒಳ್ಳೆಯ ಮಣ್ಣು ಹಾಕಿಸಿದ್ದಾನಲ್ಲ, ಇಂಥ ಅಧಿಕಾರಿಗಳೂ ಇರುತ್ತಾರಲ್ಲ ಅಂತ. “ಚೆನ್ನಾಗಿ ನೀರು ಹೊಡೀರಪ್ಪ, ಮಕ್ಕಳು ಬೀಳೋ ಜಾಗ” ಅಂತ ಹೇಳಿ, ಅವರು ಅರ್ಧ ಮನಸ್ಸಿನಿಂದ ಹೊಡೆಯುವುದನ್ನು ನೋಡಲಾರದೆ ಪೈಪನ್ನು ನಾನೇ ಹಿಡಿದುಕೊಂಡೆ. ಪ್ಯಾಂಟು ಮಡಚಿಕೊಂಡು ಒಂದು ಗಂಟೆ ನೀರು ಬಿಟ್ಟೆ. ಮೇಸ್ತ್ರಿ ಮರದ ನೆರಳಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ.

ಆಮೇಲೆ ಮೂರು ದಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್. ನಾಲ್ಕನೆಯ ದಿನ ಹೋಗಿ ನೋಡಿದರೆ ಅಂಕಣವಿದ್ದಲ್ಲಿ ಉದ್ದಗಲಕ್ಕೂ ಹಸಿರು ಹುಲ್ಲು. ಚಾಪೆಯಂತೆ ಸುತ್ತಿ ತಂದು ಹಾಸಿ ಹೋಗಿದ್ದರು. ನಾನು ಒಂದು ಗಂಟೆ ನಿಂತು ಹದ ಮಾಡಿದ ಮಣ್ಣಿನ ಮೇಲೆ ಅದು ಬಹಳ ಚೆನ್ನಾಗಿ ಹಿಡಿದುಕೊಂಡಿತ್ತು.

ಅರ್ಧ ದಿನ ರಜೆ ಹಾಕಿ ವಾರ್ಡ್ ಆಫೀಸಿಗೆ ಓಡಿದೆ.

“ಏನ್ರೀ ಇದು, ಅಲ್ಲಿ ಹುಲ್ಲು ಹಾಕೋಕೆ ಯಾರು ಹೇಳಿದ್ರು?”

“ನಿಮ್ ಡ್ರಾಯಿಂಗಲ್ಲಿ ಅಲ್ಲೇನೂ ಇರ್ಲಿಲ್ಲ ಸಾರ್” ಅಂದ ಎಂಜಿನಿಯರ್. “ಅಷ್ಟು ಜಾಗ ಖಾಲಿ ಬಿಟ್ರೆ ಮೇಲಿನವರು ಕೇಳ್ತಾರೆ. ಮಾರ್ಚ್ ಒಳಗೆ ಗ್ರಾಂಟ್ ಪೂರ್ತಿ ಮುಗೀಬೇಕು, ಇಲ್ಲಾಂದ್ರೆ ವಾಪಸ್ ಹೋಗತ್ತೆ. ಅದಕ್ಕೆ ಲಾನ್ ಹಾಕ್ಸಿದೆ. ಯಾಕೆ ಸಾರ್, ಚೆನ್ನಾಗಿಲ್ವಾ?”

“ಅಲ್ಲಿ ಖೋ ಖೋ ಕೋರ್ಟ್ ಇತ್ತಲ್ರೀ!”

ಅವನು ಬೀರು ತೆಗೆದು ನನ್ನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ. ಮೂಲೆಗಳು ಏಳದಂತೆ ಪೇಪರ್‌ವೆಯ್ಟ್ ಇಟ್ಟ. “ಎಲ್ಲಿ ಸಾರ್? ತೋರ್ಸಿ” ಅಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದ. ನಾನು ಖಾಲಿ ಜಾಗದ ಮೇಲೆ ಬೆರಳಿಟ್ಟು, ಡ್ರಾಯಿಂಗ್ ಆಫೀಸಿನ ಪದ್ಧತಿಯನ್ನು ವಿವರಿಸಲು ಹೊರಟು, ಅರ್ಧದಲ್ಲೇ ನಿಲ್ಲಿಸಿದೆ. ಬದಲಾವಣೆಗೆ ಅರ್ಜಿ ಕೊಟ್ಟೆ. ಬಿಲ್ಲಾಗಿ ಹೋದ ಕೆಲಸವನ್ನು ಅಗೆಯಲು ಬರುವುದಿಲ್ಲ ಎಂದು ಮರ್ಯಾದೆಯಿಂದಲೇ ಉತ್ತರ ಬಂತು.

ಉದ್ಘಾಟನೆಗೆ ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಕಾರ್ಪೊರೇಟರು ಭಾಷಣದಲ್ಲಿ ನನ್ನ ನಕ್ಷೆಯನ್ನು ಎತ್ತಿ ತೋರಿಸಿದರು. ಪೇಟ ನನ್ನ ತಲೆಗೆ ಸಣ್ಣದಾಗಿ ಹಣೆಯ ಮೇಲೆ ಕೂತಿತ್ತು. ಫೋಟೋದಲ್ಲಿ ನಾನು ಬೇರೆಯವರ ಮದುವೆಯ ಗಂಡಿನಂತೆ ಪೆಚ್ಚಾಗಿ ನಿಂತಿದ್ದೇನೆ. ಮಗಳು ಬರಲಿಲ್ಲ. ಹುಲ್ಲು ಬಂದ ದಿನದಿಂದ ಅವಳು ನನ್ನ ಜೊತೆ “ಹೂಂ”, “ಊಹೂಂ” ಬಿಟ್ಟು ಬೇರೆ ಮಾತಾಡಿರಲಿಲ್ಲ. ತಾಲ್ಲೂಕು ತಂಡದ ಆಯ್ಕೆಗೆ ಹೋಗುವುದಿಲ್ಲ ಅಂತ ಅಮ್ಮನಿಗೆ ಹೇಳಿದ್ದಳಂತೆ.

ಅದೇ ಸಂಜೆ ನಕ್ಷೆಯ ಒಂದು ಪ್ರತಿಯನ್ನು ಸುತ್ತಿಕೊಂಡು ತಗಡಿನ ಶೆಡ್ಡಿಗೆ ಹೋದೆ. ಇದು ತಪ್ಪಿನಿಂದ ಆದದ್ದು ಅಂತ ಆ ಹೆಂಗಸಿಗೆ ಹೇಳಲೇಬೇಕು ಅನ್ನಿಸಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದು, ಒಂದು ಬಕೆಟ್ ಬೋರಲು ಹಾಕಿ “ಕೂಡ್ರಿ ಸರ” ಅಂದಳು. ಆ ಎರಡು ಕಂಬಗಳು ಗೋಡೆಗೆ ಒರಗಿದ್ದವು, ಒಂದರ ಮೇಲೆ ಸೀರೆ ಒಣಗುತ್ತಿತ್ತು. ನಾನು ನೆಲದ ಮೇಲೆ ನಕ್ಷೆ ಹಾಸಿ ಎಲ್ಲ ಹೇಳಿದೆ. ಕಾರ್ಖಾನೆ, ಪದ್ಧತಿ, ಖಾಲಿ ಅಂದರೆ ಏನು, ಎಲ್ಲ. ಅವಳು ಕುಕ್ಕುರುಗಾಲಲ್ಲಿ ಕೂತು ಗಮನವಿಟ್ಟು ನೋಡಿದಳು.

“ಇದು ನಮ್ಮ ಶೆಡ್ಡೇನ್ರಿ?” ಅಂತ ಒಂದು ಚೌಕದ ಮೇಲೆ ಬೆರಳಿಟ್ಟಳು.

“ಅಲ್ಲಮ್ಮ, ಅದು ಪಂಪಿನ ಗೂಡು.”

“ಚಂದ ತಗದೀರಿ” ಅಂದಳು. ಆಮೇಲೆ, “ನೀವು ಬೇಕಂತನ ಮಾಡೀರಿ ಅಂತ ತಿಳಕೊಂಡಿದ್ನಿರಿ ಸರ. ಕಂಬ ಎಲ್ಲಿಡೂನು ಅಂತ ಕೇಳಿದಾಗ ಶೆಡ್ಡಿನಾಗ ಇಟ್ಕೋ ಅಂದ್ರಲ್ಲ, ಅವಾಗ ತಿಳೀತು ಅನ್ಕೊಂಡೆ. ಅದಕ್ಕ ಮತ್ತ ಕೇಳಾಕ ಹೋಗ್ಲಿಲ್ಲ.”

ಅವಳಿಗೆ ಸಿಟ್ಟಿರಲಿಲ್ಲ. ನನ್ನಂಥವನು ಹಾಗೆ ಮಾಡುವುದು ಅವಳಿಗೆ ಆಶ್ಚರ್ಯದ ಸಂಗತಿಯೇ ಆಗಿರಲಿಲ್ಲ. “ಇಲ್ಲಮ್ಮ, ಖಂಡಿತ ಇಲ್ಲ” ಅನ್ನಲು ಬಾಯಿ ತೆರೆದೆ. ಆಗ ಕಾರ್ ಶೆಡ್ಡಿನ ಸಭೆ ನೆನಪಾಯಿತು. ಅಂಕಣವನ್ನು ಬರೆದಿದ್ದರೆ ಫೋರ್‌ಮನ್ನರ ಪ್ರಶ್ನೆಗೆ ಅಲ್ಲೇ, ಎಲ್ಲರ ಮುಂದೆ ಉತ್ತರ ಕೊಡಬೇಕಾಗಿತ್ತು. ಖಾಲಿ ಬಿಟ್ಟಿದ್ದರಿಂದ ಜಗಳವಿಲ್ಲದೆ ಚಪ್ಪಾಳೆ ಬಿತ್ತು. ಕಾರ್ಖಾನೆಯ ಪದ್ಧತಿ ನಿಜ, ಆದರೆ ಆ ದಿನ ಯಾರೂ ಕೇಳದೇ ಹೋದಾಗ ನನಗೆ ಒಳಗೊಳಗೇ ಹಾಯೆನಿಸಿದ್ದೂ ನಿಜ. ನಾಚಿಕೆಯಾಯಿತು. “ತಪ್ಪಾಯ್ತಮ್ಮ” ಅಂತಷ್ಟೇ ಅಂದೆ.

“ಇರ್ಲಿ ಬಿಡ್ರಿ. ಇಲ್ಲಿ ಕೆಲಸ ಮುಗೀತು, ಬರೂ ವಾರ ನಾವು ಮಾದನಾಯಕನಹಳ್ಳಿ ಕಡೆ ಹೊಂಟೀವಿ” ಅಂದಳು. ಬಾಗಿಲ ತನಕ ಬಂದು, “ನಿಮ್ಮ ಮಗಳಿಗೆ ಓಡೂದು ಬಿಡಬ್ಯಾಡ ಅಂತ ಹೇಳ್ರಿ. ಭಾಳ ಚಲೋ ಓಡ್ತಾಳ” ಅಂದಳು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಇದ್ದಳು. ನಾನು ಎಲ್ಲಿಗೆ ಹೋಗಿದ್ದೆ ಅಂತ ಅವಳಿಗೆ ಗೊತ್ತಾಗಿತ್ತು. ಎಷ್ಟೋ ದಿನಗಳ ಮೇಲೆ ತಾನಾಗಿಯೇ ಕೇಳಿದಳು.

“ಅಕ್ಕ ಏನಂದ್ರು?”

“ನೀನು ಚೆನ್ನಾಗಿ ಓಡ್ತೀಯಂತೆ. ಓಡೋದು ಬಿಡಬೇಡ ಅಂದ್ರು.”

“ಎಲ್ಲಿ ಓಡ್ಲಿ?”

“ಪಾರ್ಕಲ್ಲಿ ಅಷ್ಟು ಒಳ್ಳೆ ದಾರಿ ಇದೆಯಲ್ಲ ಪುಟ್ಟಿ...”

“ಅಲ್ಲಿ ಓಡೋ ಹಾಗಿಲ್ಲ ಅಪ್ಪಾ” ಅಂದಳು ಮಗಳು. “ಮಕ್ಕಳು ಓಡಬಾರದು ಅಂತ ಬೋರ್ಡ್ ಇದೆ. ಆ ಅಕ್ಷರ ನಿನ್ನದೇ.”